ಈರಮ್ಮನ ಕಾರಣದ ಖಾನೆ

ಇಂದ:
ದಿ. ಈರಮ್ಮ ತಂದೆ ಮನ್ಮಥಪ್ಪ, ವಯಸ್ಸು ಹದಿನಾರು (ಇನ್ನು ಹೆಚ್ಚುವುದಿಲ್ಲ)
ಮೂಲ ವಾಸ: ಡಾಬಕಾ, ಔರಾದ ತಾಲೂಕು
ಹಾಲಿ ವಾಸ: ತಮ್ಮ ದಫ್ತರದ ವರಾಂಡ, ಎಡಗಡೆಯ ಬೆಂಚು

ಗೆ:
ಮುಖ್ಯ ಕಾರಕೂನ ಸಾಹೇಬರು, ಮರಣ ಕಾರಣ ವಿಭಾಗ, ಮೇಲಿನ ದಫ್ತರ

ವಿಷಯ: ಕಾರಣದ ಖಾನೆ ತುಂಬಿ ಕಡತ ಮುಚ್ಚುವ ಬಗ್ಗೆ.

ಉಲ್ಲೇಖ: ‘ಕಾರಣ ತಿಳಿಯುವವರೆಗೆ ಒಳಗೆ ಬಿಡಲಾಗದು’ ಎಂಬ ತಮ್ಮ ಮೌಖಿಕ ಆದೇಶ (ಮೂರು ಸಲ).

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರಳು ವಿನಯಪೂರ್ವಕ ಅರಿಕೆ ಮಾಡುವುದೇನೆಂದರೆ, ಆಕೆ ಸತ್ತಿರುವುದು ಖರೆ. ಆ ಬಗ್ಗೆ ತಕರಾರಿಲ್ಲ. ಊರವರು ‘ಶಿವೈಕ್ಯಳಾದಳು’ ಎಂದು ಕಳಿಸಿಕೊಟ್ಟರು; ಇಲ್ಲಿ ಬಂದು ನೋಡಿದರೆ ಬೆಂಚು. ಹೇಗೆ ಸತ್ತಳೆಂಬುದನ್ನು ತಮ್ಮ ಸಿಬ್ಬಂದಿ ಪತ್ತೆ ಮಾಡದ ಕಾರಣ, ಅರ್ಜಿದಾರಳೇ ಪತ್ತೆ ಮಾಡಿರುತ್ತಾಳೆ.

1. ಎಪ್ಪತ್ತೆರಡರ ಬರಗಾಲದಲ್ಲಿ ಡಾಬಕಾದ ಹೊರಗೆ ಕೆರೆ ತೋಡುವ ಕಾಮಗಾರಿ ನಡೆದಿತ್ತು. ಬಾರ್ ಹಾಕಲು, ಅಂದರೆ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸಲು, ಬೀದರಿನಿಂದ ಖಾಜಾ ಮಿಯಾ ಬಂದಿದ್ದ. ಅರ್ಜಿದಾರಳೂ ಆಕೆಯ ಗೆಳತಿ ಚಂದ್ರಭಾಗಾಳೂ ಬುಟ್ಟಿ ಹೊರುತ್ತಿದ್ದರು. ಊರ ಬಾವಿಗಳು ಬತ್ತಿದ್ದ ಕಾರಣ, ಹಿಂದಿನ ದಿನ ಬಾರ್ ಹಾರಿಸಿದ ಗುಂಡಿಯ ತಳ ಹಸಿಯಾಗಿ ಕಂಡ ಕಾರಣ, ನೀರಿನ ಒರತೆ ಮೊದಲು ತನಗೇ ಸಿಗಲಿ ಎಂಬ ಆಸೆ ಹುಟ್ಟಿದ ಕಾರಣ, ಅರ್ಜಿದಾರಳು ಸಬ್ಬಲು, ಅಂದರೆ ಹಾರೆ, ಹಿಡಿದು ಗುಂಡಿಗೆ ಬಂದಳು. ಆದರೆ ಕೇಳಿಯೇ ಇಳಿದಳು. ಆಕೆ ಹುಡುಗಾಟದವಳು ಹೌದು, ಹುಚ್ಚಿಯಲ್ಲ.

2. ದಂಡೆಯ ಮೇಲೆ ಚಂದ್ರಭಾಗಾ ನಿಂತಿದ್ದಳು. ಖಾಜಾ ಮಿಯಾ ಆಕೆಗೆ ಏನೋ ಹೇಳಿ ಕೆಂಪು ಬಾವುಟ ತರಲು ಹೋಗಿದ್ದ.

“ಏನಂದಾ ಅಂವ?”

“ನಾಳಿನ ಬಾರ್ ಬಾಕಿ ಅದ ಅಂತ. ಇವತ್ತ ಏನೂ ಇಲ್ಲ. ಲಗೂನ ಇಳದ ಬಾ.”

ಅರ್ಜಿದಾರಳು ಲಗೂನೆ ಇಳಿದಳು. ಬರುವುದಾಗಲಿಲ್ಲ. ಸಬ್ಬಲಿನ ಮೂರನೇ ಏಟಿಗೆ, ಸಿಡಿಯದೆ ಉಳಿದಿದ್ದ ಹಿಂದಿನ ದಿನದ ಬಾರ್ ಸಿಡಿಯಿತು.

3. ಪಂಚನಾಮೆಯಲ್ಲಿ, ‘ನಿನ್ನೆಯ ಬಾರ್ ಬಾಕಿ ಎಂದೆ’ ಎಂದು ಖಾಜಾ ಮಿಯಾ. ‘ನಾಳಿನದು ಎಂದ’ ಎಂದು ಚಂದ್ರಭಾಗಾ. ಬರೆದುಕೊಂಡವರು ಎರಡನ್ನೂ ಶುದ್ಧ ಕನ್ನಡದಲ್ಲಿ ಬರೆದುಕೊಂಡರು. ಮಿಯಾ ಆಡಿದ ಮಾತು ಯಾವುದೆಂದು ಯಾರೂ ಕೇಳಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳುಗಾರರಾಗಲೇಬೇಕೆಂದು ಊರು ತೀರ್ಮಾನಿಸಿ, ಪರವೂರಿನವನನ್ನು ಆರಿಸಿಕೊಂಡಿತು. ಬರುವ ಸೋಮವಾರ ಔರಾದದಲ್ಲಿ ವಿಚಾರಣೆ. ‘ಬೇಕಂತಲೇ ಹೇಳದೆ ಬಿಟ್ಟ’ ಎಂದು ಮೊದಲ ಸಾಕ್ಷಿ ಹೇಳುವವಳು ಅರ್ಜಿದಾರಳ ಅವ್ವ, ಅನುಸೂಯಾಬಾಯಿ. ಮಿಯಾ ಜೈಲಿಗೆ ಹೋಗುವುದು ಖಚಿತ.

4. ವರಾಂಡದ ಕಿಟಕಿಯಿಂದ ಕೆಳಗೆ ಕಾಣುವ ಕಾರಣ ಅರ್ಜಿದಾರಳು ಇಬ್ಬರ ಮೇಲೂ ಕಣ್ಣಿಟ್ಟಳು. ಮೊದಲು ಮಿಯಾನ ಮೇಲೆ ಸಂಶಯ. ಆಮೇಲೆ ಚಂದ್ರಭಾಗಾಳ ಮೇಲೆ, ಯಾಕೆಂದರೆ ದೀಪಾವಳಿಯ ರಿಬ್ಬನ್ ಬಗ್ಗೆ ಇಬ್ಬರಿಗೂ ಜಗಳವಿತ್ತು. ಆದರೆ ಬೀದರಿನಲ್ಲಿ ಮಿಯಾ ಉಣ್ಣಲು ಕೂತು, ಉಣ್ಣದೆ ಕೈ ತೊಳೆಯುತ್ತಾನೆ. “ಕಲ್ ಕಾ ಬಾರ್ ಬಾಕಿ ಹೈ, ಯೇಚ್ ಬೋಲ್ಯಾ ನಾ ಮೈಂ” ಎಂದು, ಅಂದರೆ ಇದನ್ನೇ ಹೇಳಿದೆನಲ್ಲ ಎಂದು, ಗೋಡೆಗೆ ಹೇಳುತ್ತಾನೆ. ಅರ್ಜಿದಾರಳಿಗೆ ಉರ್ದು ಅಷ್ಟಕ್ಕಷ್ಟೇ ಆದ ಕಾರಣ ‘ಕಲ್’ ಎಂದರೆ ಕಲ್ಲು ಎಂದೇ ತಿಳಿದಿದ್ದಳು. ಇತ್ತ ಚಂದ್ರಭಾಗಾ ಆ ರಿಬ್ಬನ್ನನ್ನು ಅವ್ವನ ಮನೆಯ ಗೂಟಕ್ಕೆ ಕಟ್ಟಿ, ಪುಣೆಗೆ ದುಡಿಯಲು ಹೊರಟ ಮನೆಯವರ ಜೊತೆ ಕಮಲನಗರದಲ್ಲಿ ರೈಲು ಹತ್ತಿದಳು. ಯಾರೂ ನೋಡದಾಗ ಹೀಗೆ ಕೊರಗುವವರು ಸುಳ್ಳುಗಾರರಲ್ಲ. ಹಾಗಾದರೆ ಕೊಂದವರು ಯಾರು?

5. ಮೊನ್ನೆ ಬೆಂಚಿಗೆ ಬೀದರಿನ ಅಜೀಜಾ ಬೇಗಂ ಎಂಬ ಮುದುಕಿ ಬಂದು ಕೂತರು.

“ಯಾವಾಗ ಬಂದ್ರಿ ಬೀಬಿ?”

“ಕಲ್ ಆಯೀ ಬೇಟಾ.”

“ಒಳಗ ಯಾವಾಗ ಬಿಡ್ತಾರಂತರಿ?”

“ಕಲ್ ಛೋಡ್ತೇ ಕತೆ.”

“ಬಂದದ್ದೂ ಕಲ್, ಹೋಗೋದೂ ಕಲ್. ಅದ್ಹ್ಯಾಂಗರಿ?”

“ಗಯಾ ಸೋ ಭೀ ಕಲ್, ಆತಾ ಸೋ ಭೀ ಕಲ್. ಕಲ್ ತೋ ಕಲೀಚ್ ಹೈ ನಾ.”

ಅಂದರೆ ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಕಳೆದ ದಿನವೂ ಕಲ್, ಬರುವ ದಿನವೂ ಕಲ್. ಅರ್ಜಿದಾರಳು ಬೆಂಚಿನಿಂದ ಬಿದ್ದಳು. ಸತ್ತವರಿಗೆ ಪೆಟ್ಟಾಗುವುದಿಲ್ಲ.

6. ಚಂದ್ರಭಾಗಾಳ ಮನೆಮಾತು ಮರಾಠಿ. ಮರಾಠಿಯಲ್ಲಿ ಕಾಲ್ ಎಂದರೆ ನಿನ್ನೆಯೇ. ಮನೆಯ ಕಿವಿಯಿಂದ ಕೇಳಿದ್ದರೆ ಸರಿಯಾಗಿಯೇ ತಿಳಿಯುತ್ತಿತ್ತು. ಆದರೆ ಆಕೆ ಸಾಲಿಯಲ್ಲಿ ಹಿಂದಿಗೆ ಮೊದಲ ನಂಬರು ತೆಗೆದವಳು. ‘ಕಲ್ ಅಂದರೆ ನಾಳೆ’ ಎಂದು ಗುರುಗಳು ಹಲಗೆಯ ಮೇಲೆ ಬರೆದದ್ದನ್ನು ಬಾಯಿಪಾಠ ಮಾಡಿದ್ದಳು. ಮಿಯಾನ ಕಲ್ ಬೇರೆ, ನಮ್ಮ ಮನೆಯ ಕಾಲ್ ಬೇರೆ ಎಂದು ಜಾಣಳಾದಳು. ಆದ್ದರಿಂದ ಮಿಯಾ ಹೇಳಿದ್ದು ಖರೆ. ಚಂದ್ರಭಾಗಾ ಹೇಳಿದ್ದೂ ಖರೆ.

7. ಇದನ್ನು ಇದ್ದಂತೆಯೇ ಖಾನೆಯಲ್ಲಿ ಬರೆದರೆ, ಬರೆದದ್ದು ಹೇಗಾದರೂ ಕೆಳಗೆ ತಿಳಿಯುತ್ತದೆ ಎಂದು ಜವಾನರು ಹೇಳುತ್ತಾರೆ. ಮಿಯಾ ಬಿಡುಗಡೆಯಾಗುತ್ತಾನೆ. ಆದರೆ ತನ್ನ ಒಂದು ಮಾತಿನಿಂದ ಈರಿ ಸತ್ತಳೆಂದು ಚಂದ್ರಭಾಗಾಳಿಗೆ ಗೊತ್ತಾಗುತ್ತದೆ. ಜನ್ಮವಿಡೀ ಹೊರುವ ಬುಟ್ಟಿ ಅದಲ್ಲ. ಅರ್ಜಿದಾರಳಿಗೆ ಚಂದ್ರಭಾಗಾ ಎಂದರೆ ಜೀವ. (ಈ ಪದ ಬಳಸಲು ಅರ್ಜಿದಾರಳಿಗೆ ಹಕ್ಕಿಲ್ಲದಿದ್ದರೆ ಹೊಡೆದುಹಾಕುವುದು.)

ಆದ್ದರಿಂದ, ಅವ್ವ ರಾತ್ರಿ ನಿದ್ದೆ ಮಾಡದ ಕಾರಣ, ಭಾನುವಾರ ಮಧ್ಯಾಹ್ನ ಆಕೆ ಗೋಡೆಗೆ ಒರಗಿದಾಗ ಅರ್ಜಿದಾರಳಿಗೆ ಒಂದು ಕನಸಿನ ಮಟ್ಟಿಗೆ ಪರವಾನಗಿ ಕೊಡಬೇಕು. ಅಲ್ಲಿ ಹೇಳುವುದು ಇಷ್ಟೇ: “ಅವ್ವಾ, ಮಿಯಾ ಚಂದ್ರಾಗ ನಾಳಿನ ಬಾರ್ ಹೇಳ್ದ. ನನಗ ನಿನ್ನಿ ಬಾರಿನ ತೂತ ಕೈಮಾಡಿ ತೋರಿಸಿ, ಹೋಗಬ್ಯಾಡ ಅಂದ. ಇಬ್ಬರೂ ಖರೇನ ಹೇಳ್ಯಾರ. ನಾನೇ ನೀರಿನ ಆಸೆಕ್ಕ ಮಾತ ಮೀರಿದೆ.” ಅವ್ವ ಕನಸಿನ ಮಾತು ಮೀರಿ ಸಾಕ್ಷಿ ಹೇಳುವವಳಲ್ಲ. ಖಾನೆಯಲ್ಲೂ ಇದನ್ನೇ ಬರೆಯಬೇಕು.

ಇದು ಸುಳ್ಳು ಹೇಳಿಕೆ ಎಂಬುದು ಅರ್ಜಿದಾರಳಿಗೆ ಗೊತ್ತು. ಶಿಕ್ಷೆಯಾಗಿ ಬೆಂಚಿನ ಮೇಲೆ ಇನ್ನೆಷ್ಟು ವರ್ಷ ಕೂರಿಸಿದರೂ ಒಪ್ಪಿಗೆ ಇದೆ.

ತಮ್ಮ ಸುಳ್ಳುಗಾರ್ತಿ ವಿಶ್ವಾಸಿ,
ಈರಮ್ಮ (ಹೆಬ್ಬೆಟ್ಟಲ್ಲ, ಸಹಿ)

ಲಗತ್ತುಗಳು:
1) ಶಿಕ್ಷೆಗೆ ಒಪ್ಪಿಗೆ ಪತ್ರ.
2) ಅಜೀಜಾ ಬೇಗಂ ಅವರ ಹೇಳಿಕೆ. ಅವರನ್ನು ಒಳಗೆ ಬಿಟ್ಟಿರುವ ಕಾರಣ ಸಹಿ ಸಿಕ್ಕಿಲ್ಲ.

ವಿ.ಸೂ.: ಚಂದ್ರಭಾಗಾಳನ್ನು ಮೊಮ್ಮಕ್ಕಳ ಮದುವೆ ಮುಗಿಯುವ ಮೊದಲು ಇಲ್ಲಿಗೆ ಕರೆಸತಕ್ಕದ್ದಲ್ಲ. ಬಂದ ದಿನ ಆಕೆ ಈ ಅರ್ಜಿಯ ನಕಲು ಕೇಳಿದರೆ, ಕಡತ ಕಳೆದುಹೋಗಿದೆ ಎಂದು ಹೇಳಬೇಕಾಗಿ ವಿನಂತಿ. ದಫ್ತರದವರು ಹೇಳಿದರೆ ನಂಬುತ್ತಾಳೆ.