ಅತ್ತೆ ಕಲಿತ ರಾಜರ ಇಂಗ್ಲಿಷು

ನನ್ನ ಸೋದರತ್ತೆ ಈ ವರ್ಷ ಮೂವರನ್ನು ಗಡೀಪಾರು ಮಾಡಿದ್ದಾಳೆ. ಮೊದಲನೆಯವನು ಹಾಲಿನವನು, ಎರಡನೆಯದು ಪಕ್ಕದ ಮನೆಯ ಬೆಕ್ಕು, ಮೂರನೆಯವನು ನಾನು. ಮೂರೂ ಆಜ್ಞೆಗಳು ಇಂಗ್ಲಿಷಿನಲ್ಲಿ! "ಯೂ ಬ್ಯಾನಿಶ್!" ಎಂದು ಬಾಗಿಲತ್ತ ಕೈ ತೋರಿಸುತ್ತಾಳೆ. ಅಲ್ಲಿ ನಿಂತು ವ್ಯಾಕರಣ ತಿದ್ದುವ ಧೈರ್ಯ ನಿಮಗಿದೆಯೆ? ಬೆಕ್ಕಿಗೂ ಇರಲಿಲ್ಲ.

ಬಸವಕಲ್ಯಾಣದ ಈ ಅತ್ತೆ ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಕನ್ನಡದಲ್ಲಿ. ಅವಳ ಗಂಡ, ಅಂದರೆ ನನ್ನ ಮಾಮಾ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಅರಸನೊಬ್ಬ ಕಿರೀಟ ಕಳೆದುಕೊಳ್ಳುವ ಒಂದು ಹಳೆಯ ಇಂಗ್ಲಿಷ್ ಚರಿತ್ರೆ ನಾಟಕವನ್ನು ಮೂವತ್ತು ವರ್ಷ ಪಾಠ ಮಾಡಿದರು. ಅದರ ಒಂದೊಂದು ಸಾಲೂ ಬಾಯಿಪಾಠ. ಅತ್ತೆಗೆ ಮಾತ್ರ ಅವರು ಒಂದೇ ಒಂದು ಇಂಗ್ಲಿಷ್ ಶಬ್ದ ಕಲಿಸಲಿಲ್ಲ. ಅವಳೂ ಕೇಳಲಿಲ್ಲ.

ಹೋದ ದೀಪಾವಳಿಗೆ ಮೊದಲು ಮಾಮಾಗೆ ಲಕ್ವಾ ಹೊಡೆಯಿತು. ಕಾಲು ಸ್ವಾಧೀನಕ್ಕೆ ಬಂತು, ಎಡಗೈ ಚೆನ್ನಾಗಿಯೇ ಇತ್ತು, ಕನ್ನಡ ಮಾತ್ರ ಬರಲಿಲ್ಲ. ನೀರು ಬೇಕೆಂದರೆ ತುಟಿ ನಡುಗುತ್ತಿತ್ತು, ಕಣ್ಣು ತುಂಬುತ್ತಿತ್ತು, ಮಾತು ಗಂಟಲಲ್ಲೇ ನಿಲ್ಲುತ್ತಿತ್ತು. ಆದರೆ ಆಗೊಮ್ಮೆ ಈಗೊಮ್ಮೆ ನಾಟಕದ ಒಂದು ಶಬ್ದ ಮಾತ್ರ ಗಂಟೆ ಬಾರಿಸಿದಂತೆ ಸ್ಪಷ್ಟವಾಗಿ ಹೊರಬೀಳುತ್ತಿತ್ತು.

ಹುಮನಾಬಾದಿನ ಡಾಕ್ಟರು ಹೇಳಿದ್ದನ್ನು ನಾನು ಹಾಗೆಯೇ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. "ಬಾಯಿಪಾಠ ಆದದ್ದು ಉಳದದ ನೋಡ್ರಿ. ಅವರು ಏನೇ ಅನ್ಲಿ, ತಿಳಕೊಂಡು ಜವಾಬ್ ಕೊಡ್ರಿ. ಯಾರಿಗೂ ತಿಳೀವಲ್ದು ಅಂತ ಅನಿಸಿದ್ರ ಬಾಯಿ ಮುಚ್ಚಿಬಿಡ್ತಾರ. ಒಮ್ಮೆ ಮುಚ್ಚಿದ್ರ ತಿರುಗಿ ತೆರಸೂದು ಭಾಳ ಕಷ್ಟ."

ಅತ್ತೆ ಬಸ್ಸು ಹತ್ತುವ ಮೊದಲೇ ಇನ್ನೂರು ಪುಟದ ನೋಟ್‌ಬುಕ್ಕು ಕೊಂಡಳು. ಅಂದಿನಿಂದ ಗಂಡನನ್ನು "ಏನ್ರಿ" ಎನ್ನುವುದು ಬಿಟ್ಟು "ಸರ್" ಎನ್ನತೊಡಗಿದಳು!

ಹುಮನಾಬಾದಿನಿಂದ ಪ್ರತಿ ಭಾನುವಾರ ನಾನು ಹೋಗಿ ಮಾಮಾನ ಹಳೆಯ ಟಿಪ್ಪಣಿಗಳಿಂದ ಅರ್ಥ ಹೇಳಬೇಕು, ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಕು. ಆದರೆ ಓಣಿಯಲ್ಲಿ ಒಬ್ಬ ಹಕ್ಕುದಾರ ಸಿಗುವತನಕ ಯಾವ ಶಬ್ದವೂ ಅವಳ ತಲೆಯಲ್ಲಿ ಕೂಡುತ್ತಿರಲಿಲ್ಲ.

"ಯೂಸರ್ಪರ್ ಅಂದ್ರ ಏನೋ ತಮ್ಮಾ?"

"ಬ್ಯಾರೆಯವರ ಸಿಂಹಾಸನ ಕಸಗೊಂಡವ, ಅತ್ತಿ."

"ಹಾಂ! ನಮ್ಮ ಕಟ್ಟಿ ಮ್ಯಾಲ ದಿನಾ ಬಂದು ಕುಂಡ್ರತಾಳಲ್ಲ, ಎದುರುಮನಿಯಾಕಿ!" ಎಂದು ಬರೆದುಕೊಂಡಳು. ರಾಜನಿಷ್ಠೆ ಎಂಬ ಅರ್ಥದ ಶಬ್ದಕ್ಕೆ ಮೂರು ದಿನ ಹುಡುಕಿದರೂ ಓಣಿಯಲ್ಲಿ ಯಾರೂ ಸಿಗಲಿಲ್ಲ. ಆ ಸಾಲು ಇಂದಿಗೂ ಖಾಲಿಯಿದೆ.

ಲಕ್ವಾ ಹೊಡೆದ ಮನೆಗೆ ಜನ ಬರುವುದು ನಿಮಗೆ ಗೊತ್ತೇ ಇದೆ. ಒಬ್ಬರು ಎಣ್ಣೆ ಹೇಳುತ್ತಾರೆ, ಒಬ್ಬರು ಬೇಮಳಖೇಡದಲ್ಲಿ ಯಾರೋ ಕೊಡುವ ಬೇರು ಹೇಳುತ್ತಾರೆ, ಎಲ್ಲರೂ ಚಹಾ ಕುಡಿಯುತ್ತಾರೆ. ಒಂದು ದಿನ ಏಳು ಮಂದಿ ಊಟದ ಹೊತ್ತಾದರೂ ಏಳಲಿಲ್ಲ. ಮಾಮಾ ಗೋಡೆ ನೋಡುತ್ತ, "ಸೀಜ್" ಎಂದರು. ಅತ್ತೆ ಥಟ್ಟನೆ ಎದ್ದು, "ಕೋಟಿಗಿ ಮುತ್ತಿಗಿ ಬಿದ್ದದ ಅಂತ ಸರ್ ಹೇಳಾಕತ್ತಾರ. ಎಲ್ಲಾರೂ ಜಲ್ದಿ ಏಳ್ರಿ!" ಎಂದಳು. ಕೋಟೆ ಎರಡು ನಿಮಿಷದಲ್ಲಿ ಖಾಲಿ! ಮಾಮಾ ತಲೆಯಾಡಿಸಿದರು. ಆ ವಾರ ಅವರು ಒಂಬತ್ತು ಶಬ್ದ ಆಡಿದರು. ಅತ್ತೆಯ ನೋಟ್‌ಬುಕ್ಕಿನಲ್ಲಿ ನಾನು ಎಣಿಸಿದ್ದೇನೆ.

ಇನ್ನು ನನ್ನ ಅಪರಾಧ. ಒಂದು ಭಾನುವಾರ ಉಪ್ಪಿಟ್ಟಿಗೆ ಉಪ್ಪಿರಲಿಲ್ಲ. ಮಾಮಾ ಒಂದು ಚಮಚ ಬಾಯಿಗಿಟ್ಟು, "ಟ್ರೀಸನ್!" ಎಂದರು. ರಾಜದ್ರೋಹ! ನಾನು ನಕ್ಕುಬಿಟ್ಟೆ. ಸಣ್ಣ ನಗುವಲ್ಲ, ಬಾಯಿಯೊಳಗಿನ ಉಪ್ಪಿಟ್ಟು ಹೊರಗೆ ಹಾರುವಂಥ ನಗು. ಮಾಮಾ ನನ್ನನ್ನು ನೋಡಿದರು. ಇಡೀ ವರ್ಗ ನಕ್ಕಾಗ ಎದ್ದು ನಿಂತ ವಿದ್ಯಾರ್ಥಿ ನೋಡುತ್ತಾನಲ್ಲ, ಹಾಗೆ. ಚಮಚ ಕೆಳಗಿಟ್ಟರು, ಬಾಯಿ ಮುಚ್ಚಿದರು.

"ನಿನಗ ನಗಿ ಬಂತು. ಅವರಿಗಿ ಅದೊಂದೇ ಹೊರಗ ಬರ್ತದ, ಮಾಲೂಮದೇನು?"

"ಮಾಫ್ ಮಾಡ ಅತ್ತಿ..."

"ಯೂ ಬ್ಯಾನಿಶ್!"

ಗಡೀಪಾರಾದವನಿಗೂ ಅವಳು ದಿನಾ ಸಂಜೆ ಫೋನು ಮಾಡುತ್ತಿದ್ದಳು. "ಇವತ್ತೂ ಮಾತಿಲ್ಲ" ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ಹನ್ನೊಂದು ಸಂಜೆ, ಹನ್ನೊಂದು ಫೋನು.

ಹನ್ನೆರಡನೆಯ ದಿನ ಮಾಮಾನನ್ನು ಹುಮನಾಬಾದಿನ ಆಸ್ಪತ್ರೆಯಲ್ಲಿ ತೋರಿಸುವುದಿತ್ತು. ಬಸ್ ನಿಲ್ದಾಣಕ್ಕೆ ಬರಲು ನನಗೆ ಅಪ್ಪಣೆ ಸಿಕ್ಕಿತು. ಮಾಮಾ ಇಳಿದರು, ನನ್ನತ್ತ ನೋಡಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತು ಮಂದಿ ಕಾಯುತ್ತಿದ್ದರು. ಅತ್ತೆ ಮಾಮಾನನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲರ ನಡುವೆ ಅವರ ಮುಂದೆ ಕೈಕಟ್ಟಿ ನಿಂತಳು.

"ಸರ್, ಹೆರಾಲ್ಡ್ ಅಂದ್ರ ಕಳ್ಳ."

ಮಾಮಾ ನೆಲ ನೋಡುತ್ತಿದ್ದರು. ಚಿಂತೆಯಲ್ಲಿ ಇವಳಿಗೂ ಎಲ್ಲ ಅಳಿಸಿಹೋಯಿತೆ? "ಅತ್ತಿ, ರಾಜದೂತ! ನೀನೇ ಬರದೀ..." ಎಂದೆ. ಅವಳು ನನ್ನ ಕಾಲನ್ನು ಮೈಭಾರ ಬಿಟ್ಟು ತುಳಿದಳು.

"ಸರ್, ಸ್ವೋರ್ಡ್ ಅಂದ್ರ ಕುಂಬಳಕಾಯಿ."

ಮೂಲೆಯಲ್ಲಿದ್ದ ಕಾಲೇಜು ಹುಡುಗಿ ಕಿಸಕ್ಕನೆ ನಕ್ಕಳು. ನಾನು ದೂರದಿಂದಲೇ ಅವಳಿಗೆ ಕೈಮುಗಿದೆ. ಮಾಮಾನ ಹುಬ್ಬು ಸ್ವಲ್ಪ ಅಲುಗಿತು.

"ಸರ್, ಕ್ರೌನ್ ಅಂದ್ರ ಕಾಲಾಗ ಹಾಕ್ಕೊಳ್ಳೂ ಚಪ್ಪಲ್."

ಮಾಮಾನ ಎಡಗೈ ಬೆಂಚಿಗೆ ಬಡಿಯಿತು.

"ತಪ್ಪ!"

ಇಪ್ಪತ್ತು ಮಂದಿಯೂ ತಿರುಗಿದರು.

"ತಪ್ಪ! ಕುಂಡ್ರು!"

ಕನ್ನಡ! ಮೂವತ್ತು ವರ್ಷ ದಡ್ಡ ವಿದ್ಯಾರ್ಥಿಗಳಿಗೆ ಹೇಳಿದ ಅದೇ ಮಾತು. ಇದನ್ನು ಕೇಳಿ ಇಷ್ಟು ಸಂತೋಷಪಟ್ಟವರು ಆ ಕಾಲೇಜಿನಲ್ಲಿ ಒಬ್ಬರಾದರೂ ಇದ್ದರೇ? ಅತ್ತೆ ಕುಳಿತಳು. ಸೆರಗು ಮುಖಕ್ಕೆ ಹೋಯಿತು, ಭುಜ ಅಲುಗತೊಡಗಿತು. ನರ್ಸು ನಮ್ಮ ಸರದಿ ಕೂಗಿದಳು, ಯಾರೂ ಏಳಲಿಲ್ಲ. ಮಾಮಾ ಬೆರಳೆತ್ತಿ, ಸರಿ ಉತ್ತರಕ್ಕಾಗಿ ಕಾಯುತ್ತಿದ್ದರು.

ಅತ್ತೆ ಮೂಗೊರೆಸಿಕೊಂಡು ಎದ್ದಳು, ಕೈಕಟ್ಟಿ ನಿಂತಳು.

"ಸರ್, ಥ್ರೋನ್ ಅಂದ್ರ ರೊಟ್ಟಿ ಹಂಚು."