ಊಟಿಯ ಕಣಿವೆಯಲ್ಲಿ ತೆಂಗಿನ ಮರ

ನಮ್ಮ ಚಿಕ್ಕಪ್ಪನವರು ಸತ್ತವರನ್ನು ಬದುಕಿಸಬಲ್ಲರು ಎಂದರೆ ನೀವು ನಂಬುವುದಿಲ್ಲ. ನಂಬಲೇಬೇಕೆಂಬ ಒತ್ತಾಯವೇನೂ ಇಲ್ಲ. ಅವರು ಕತೆ ಹೇಳುತ್ತಿದ್ದಾಗ ನಾನೂ ನಂಬುತ್ತಿರಲಿಲ್ಲ!

ತುರುವೇಕೆರೆಯ ಕಡೆಯ ನಮ್ಮ ಹಳ್ಳಿಗೆ ವಾರಪತ್ರಿಕೆಯು ತಿಪಟೂರಿನ ಬಸ್ಸಿನಲ್ಲಿ ಬರುತ್ತಿತ್ತು. ಅದರಲ್ಲಿನ ಧಾರಾವಾಹಿಯನ್ನು ಚಿಕ್ಕಪ್ಪನವರು ದೃಷ್ಟಿ ಕಳೆದುಕೊಂಡಿದ್ದ ಅಜ್ಜಿಗೆ ಓದಿ ಹೇಳುತ್ತಿದ್ದರು. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಇದ್ದುದು ಒಂದೇ ಆಸೆ: “ಆ ಕುಮುದಿನಿ ಮದ್ವೆ ಒಂದು ಕೇಳ್ಬುಟ್ರೆ ಸಾಕು ಕಣಪ್ಪ.”

ಲೇಖಕ ಮಹಾಶಯರಿಗೆ ಈ ವಿಷಯ ತಿಳಿಯುವುದಾದರೂ ಹೇಗೆ? ಕಡೆಯ ಕಂತಿನಲ್ಲಿ ಅವರು ಕುಮುದಿನಿಯನ್ನು ಊಟಿಯ ಬೆಟ್ಟದಿಂದ ಕೆಳಕ್ಕೆ ಬೀಳಿಸಿ, ‘ಮುಗಿಯಿತು’ ಎಂದು ಅಚ್ಚು ಹಾಕಿಸಿಬಿಟ್ಟರು!

ಚಿಕ್ಕಪ್ಪನವರು ಪುಟ ತಿರುಗಿಸಿ, ಸೈಕಲ್ ಜಾಹೀರಾತನ್ನು ದಿಟ್ಟಿಸುತ್ತ ‘ಓದಿದರು’: “ಅಷ್ಟರಲ್ಲಿ ಕುಮುದಿನಿಯು ಕಣಿವೆಯಲ್ಲಿದ್ದ ತೆಂಗಿನ ಮರದ ಗರಿಗೆ ಸಿಕ್ಕಿಹಾಕಿಕೊಂಡಳು.”

ನಮ್ಮ ವಂಶದಲ್ಲಿ ಮೊದಲು ಬಿ.ಎ. ಪದವಿ ಪಡೆದವನು ನಾನು. ಹೀಗಾಗಿ ಕಥಾಸಾಹಿತ್ಯದ ಸಂಭಾವ್ಯತೆಯನ್ನು ಕಾಪಾಡುವ ಹೊಣೆ ನನ್ನದೇ ಎಂದು ಭಾವಿಸಿದ್ದೆ. ಅವರನ್ನು ಹಿತ್ತಲಿಗೆ ಕರೆದು, “ಚಿಕ್ಕಪ್ಪ, ಊಟಿಯ ಚಳಿಗೆ ತೆಂಗು ಬೆಳೆಯುವುದಿಲ್ಲ” ಎಂದೆ.

“ನೀನ್ ಊಟಿಗ್ ಹೋಗಿದ್ದೀಯೇನ್ಲಾ?”

“ಇಲ್ಲ.”

“ಮತ್ತೆ? ಸುಮ್ಕೆ ಕೇಳು!”

ಅಂದಿನಿಂದ ಕತೆ ಹಗ್ಗ ಬಿಚ್ಚಿದ ಹೋರಿಯಾಯಿತು. ಲಂಡನ್ನಿನಲ್ಲಿ ಓದಿ ಬಂದಿದ್ದ ನಾಯಕ ಡಾಕ್ಟರು ಮುರಿದ ಮೂಳೆಗಳನ್ನೆಲ್ಲ ಎಳನೀರು ಕೊಟ್ಟೇ ಕೂಡಿಸಿದರು. ಬೆಳದಿಂಗಳಿನಲ್ಲಿ ಕುಮುದಿನಿಯ ಕೈ ಹಿಡಿದು ಅವರು ಆಡಿದ ಪ್ರೇಮದ ಮೊದಲ ಮಾತು ಯಾವುದು ಗೊತ್ತೇ? “ಅಮ್ಮಿ, ನಿಮ್ ತೋಟಕ್ಕೆ ನೀರೈತಾ?”

ಇಷ್ಟನ್ನೂ ನಾನು ಸಹಿಸಿದೆ. ಆದರೆ ಹಿಂದಿನ ವಾರವಷ್ಟೇ ದಹನವಾಗಿದ್ದ ಖಳನಾಯಕನು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಾಗ ತಡೆಯಲಾಗಲಿಲ್ಲ.

“ಸತ್ತವನು ಹೇಗೆ ಬಂದ, ಚಿಕ್ಕಪ್ಪ?”

“ಹರಾಜಿನ್ ದಿನ ಕಣ್ಲಾ! ಬರ್ದೆ ಇರೋಕಾಯ್ತದಾ?”

ಅಜ್ಜಿ ಹಾಸಿಗೆಯಿಂದಲೇ ತೀರ್ಪು ಕೊಟ್ಟರು: “ಅದು ಸರಿ. ಯಾಪಾರಸ್ಥ ಅಲ್ವಾ!”

ನಮ್ಮ ಕಡೆ ಕೊಬ್ಬರಿ ಒಡೆಸಿದ ಮೇಲೆಯೇ ಮನೆಯಲ್ಲಿ ಮದುವೆಯ ಮಾತು. ಆದುದರಿಂದ ಕುಮುದಿನಿಯ ಮನೆಯವರೂ ಯುಗಾದಿಯಂದು ಅಟ್ಟಕ್ಕೆ ಕಾಯಿ ಹಾಕಿದ್ದರು. ಕಾಯಿ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಒಣಗಬೇಕು. ಅಲ್ಲಾಡಿಸಿದಾಗ ಒಳಗಿನ ತಿರುಳು ಲೊಡಲೊಡ ಎಂದರೆ ಕೊಬ್ಬರಿಯಾಯಿತೆಂದು ಅರ್ಥ. ಅಷ್ಟರಲ್ಲಿ ತಿಪಟೂರಿನ ವೈದ್ಯರು ಬಂದು ಅಜ್ಜಿಯ ನಾಡಿ ನೋಡಿ, ಜಗಲಿಯಲ್ಲಿ ಚಿಕ್ಕಪ್ಪನವರಿಗೆ ಮೆಲ್ಲನೆ, “ದೀಪಾವಳಿಯವರೆಗೆ ಕಷ್ಟ ಕಣ್ರೀ” ಎಂದು ಹೇಳಿ ಹೋದರು.

ಅಂದು ಸಂಜೆಯೇ ಕುಮುದಿನಿಯ ಮನೆಯಲ್ಲಿ ಕೊಬ್ಬರಿ ಒಡೆಸಿದರು, ಗೌರಿ ಹಬ್ಬಕ್ಕೆ!

“ತಡ್ಯಪ್ಪಾ,” ಎಂದರು ಅಜ್ಜಿ. “ಯುಗಾದಿಗ್ ಹಾಕಿದ್ ಕಾಯಿ ಗೌರಿ ಹಬ್ಬಕ್ಕೆ ಹೆಂಗ್ಲಾ ಕೊಬ್ರಿ ಆಯ್ತದೆ? ಯಾವನ್ಲಾ ಇದ್ನ ಬರ್ದೋನು? ತೆಂಗಿನ್ ಮರಾನೇ ಕಂಡಿಲ್ಲ ಅವ್ನು!”

ಊಟಿಯ ತೆಂಗನ್ನು ನಂಬಿದರು, ಸತ್ತು ಎದ್ದವನನ್ನು ನಂಬಿದರು. ಇದೊಂದನ್ನು ಮಾತ್ರ ನಂಬಲಾರರು! ಹುಟ್ಟಿದಾರಭ್ಯ ತೆಂಗಿನ ತೋಟದಲ್ಲೇ ಬೆಳೆದ ಚಿಕ್ಕಪ್ಪನವರು ನನ್ನತ್ತ ನೋಡಿದರು.

“ಅಜ್ಜಿ,” ಎಂದೆ. “ಈಗ ಹೊಸ ತಳಿ ಬಂದಿದೆ. ಐದೇ ತಿಂಗಳಿಗೆ ಕೊಬ್ಬರಿಯಾಗುತ್ತದೆ. ಕಾಲೇಜಿನಲ್ಲಿ ನಮಗೆ ಪಾಠವಿತ್ತು.”

“ಅಲ್ಲಾಡ್ಸಿ ನೋಡಿದ್ರಂತಾ?”

“ನೋಡಿದರಂತೆ ಅಜ್ಜಿ. ಲೊಡಲೊಡ ಅಂತಿತ್ತಂತೆ.”

ಅಜ್ಜಿ ತಲೆದಿಂಬಿಗೆ ಒರಗಿದರು. “ಓದ್ದೋನು ಹೇಳಿದ್ಮೇಲೆ ಇನ್ನೇನು? ಚಪ್ಪರ ಹಾಕ್ಸಪ್ಪ.”

ಚಿಕ್ಕಪ್ಪನವರು ಪತ್ರಿಕೆಯನ್ನು ನನ್ನತ್ತ ಚಾಚಿದರು. ತೆಗೆದುಕೊಂಡೆ. ಅದು ತಲೆಕೆಳಗಾಗಿತ್ತು. ಅದನ್ನು ತಿರುಗಿಸುವ ಗೋಜಿಗೆ ಹೋಗದೆ, ನಾನು ಓದತೊಡಗಿದೆ:

“ಊಟಿಯ ಕಣಿವೆಯ ಆ ತೆಂಗಿನ ಮರದಿಂದಲೇ ಗರಿ ತರಿಸಿ, ಕುಮುದಿನಿಯ ಮದುವೆಗೆ ಚಪ್ಪರ ಹಾಕಿಸಿದರು...”