ಬಾನೆಟ್ಟಿನ ಬೆಲೆ

ಅಪ್ಪ ಬಿಟ್ಟುಹೋದ ಹಳೆಯ ಟ್ರ್ಯಾಕ್ಟರಿಗೆ ಜೀವ ತುಂಬಲು ಹೋಗಿ ದರ್ಜಿ ತನ್ನ ಜೀವ ಹಿಂಡಿಕೊಂಡಿದ್ದ. ಉಳುವುದಕ್ಕೆ ಅಂಗೈಯಗಲ ನೆಲವಿಲ್ಲ. ಆದರೂ ಟಯರು, ಪಿಸ್ಟನ್, ರೇಡಿಯೇಟರ್ ಎಂದು ಅದು ಬಾಯಿ ತೆರೆದಾಗಲೆಲ್ಲ ತುತ್ತಿಟ್ಟ. ಕೊನೆಯ ತುತ್ತು ಹೆಂಡತಿಯ ಹೊಲಿಗೆ ಯಂತ್ರ. ಅಂದಿನಿಂದ ಅವಳು ಕೈಯಲ್ಲೇ ಹೊಲಿಯುತ್ತಾಳೆ, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಓಡಾಡುತ್ತಾಳೆ. ಗಂಡನ ಜೊತೆ ಮಾತಿಲ್ಲ.

ಆ ಸಂಜೆ ಹಳೆಯ ಟ್ರ್ಯಾಕ್ಟರ್ ಕೊಳ್ಳುವ ಸಾಹುಕಾರ ಬರುವವನಿದ್ದ. ಮಾರಾಟವಾದರೆ ಅಡವಿಟ್ಟ ಯಂತ್ರ ಬಿಡಿಸಿಕೊಂಡು ಬರುವುದೇ ಮೊದಲ ಕೆಲಸ.

ಬೆಳಿಗ್ಗೆಯೇ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಗೋಡೆಯ ಮೇಲಿಂದ ತಲೆ ಹಾಕಿದರು. "ಮುಖ ತೊಳೀದೆ ಮದುವೆಗೆ ಹೋಗ್ತಾರೇನೋ? ಆ ಬಾನೆಟ್ ನೋಡು, ಒಣಗಿದ ಗಾಯದ ಥರ ಇದೆ."

ದರ್ಜಿಗೆ ಮೈಯೆಲ್ಲ ಉರಿಯಿತು. ಬಿಡಿಭಾಗದ ಅಂಗಡಿಗೆ ಓಡಿದ. ಇವನ ಅವಸರ ನೋಡಿದ ಅಂಗಡಿಯವನು ನಿಂತಲ್ಲೇ ಬೆಲೆ ಏರಿಸಿದ. ಕೈಗಡಿಯಾರ ಬಿಚ್ಚಿಕೊಟ್ಟು ಹೊಸ ಬಾನೆಟ್ಟೂ ಕೆಂಪು ಬಣ್ಣವೂ ತಂದದ್ದಾಯಿತು. ತೂತಿಗೆ ತೂತು ಕೂಡಲಿಲ್ಲ. ಸುತ್ತಿಗೆ ಎತ್ತಿದರೆ ಏಟು ಬಿದ್ದದ್ದು ಹೆಬ್ಬೆರಳಿಗೆ. ಬಣ್ಣ ಟ್ರ್ಯಾಕ್ಟರಿಗಿಂತ ಪ್ಯಾಂಟಿಗೇ ಹೆಚ್ಚು ಹತ್ತಿತು. ಗೋಡೆಯ ಮೇಲಿನ ತಲೆ ಮಾತ್ರ ಅಲ್ಲಾಡಲಿಲ್ಲ. ಇಲ್ಲಿ ಬಿಟ್ಟುಹೋಗಿದೆ, ಅಲ್ಲಿ ಇಳಿದಿದೆ ಎಂದು ಟಿಕೆಟ್ ಹರಿದಂತೆ ಸಲಹೆ ಹರಿದು ಕೊಡುತ್ತಲೇ ಇತ್ತು.

ಕೊನೆಗೆ ದರ್ಜಿ ಹಳೆಯ ಬಾನೆಟ್ಟನ್ನು ಎತ್ತಿ ಗೋಡೆಯಾಚೆ ಒಗೆದ. "ಅಷ್ಟೊಂದು ಕಾಳಜಿ ಇದ್ರೆ ಇದನ್ನ ನೀವೇ ಇಟ್ಕೊಂಡು ಸಾಯಿರಿ!" ಬೀದಿಯ ಬಾಗಿಲುಗಳೆಲ್ಲ ತೆರೆದವು. ಕಂಡಕ್ಟರ್ ಬೇಸರಪಡಲಿಲ್ಲ. ಅವರ ಕೋಳಿಗೂಡು ಸೋರುತ್ತಿತ್ತು, ಅದರ ಮೇಲೆ ಹೊದಿಸಿದರು.

ಸಾಹುಕಾರ ಬಂದ. ಎಂಜಿನ್ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗಿದ. ಕಣ್ಣು ಬಿಟ್ಟವನು ಬಾನೆಟ್ ನೋಡಿ ಅಲ್ಲೇ ಕಲ್ಲಾದ.

"ಏನಪ್ಪಾ ಮಾಡಿಬಿಟ್ಟೆ? ಇಂಥದ್ದೇ ಗಾಡಿ ನನ್ನ ಹತ್ರ ಇದೆ. ಕಂಪನಿ ಕೂರಿಸಿದ ಹಳೇ ಬಾನೆಟ್ ಒಂದಿಲ್ಲ. ಅದೊಂದಕ್ಕೋಸ್ಕರ ಇಡೀ ಗಾಡಿ ಕೊಳ್ಳೋಣ ಅಂತ ಬಂದಿದ್ದೆ."

ದರ್ಜಿ ಬಾಯಿ ತೆರೆಯುವ ಮೊದಲೇ ಗೋಡೆ ಮಾತಾಡಿತು. "ನಮ್ಮಲ್ಲೊಂದಿದೆ, ಸಾರ್."

ಅದು ನನ್ನದು ಎಂದು ದರ್ಜಿ ಕೂಗಾಡಿದ. ಕಂಡಕ್ಟರ್ ತಣ್ಣಗೆ ಹೇಳಿದರು, "ಬೀದಿಗೆಲ್ಲ ಕೇಳೋ ಹಾಗೆ ಕೊಟ್ಟಿದ್ದೀಯಲ್ಲಪ್ಪಾ." ತೆರೆದ ಬಾಗಿಲುಗಳೆಲ್ಲ ಹೌದೆಂದವು. ಸಾಹುಕಾರ ಕೋಳಿಗೂಡಿನ ಚಾವಣಿಗೆ ಒಂದು ಹೊಲಿಗೆ ಯಂತ್ರಕ್ಕೆ ಸಾಕಾಗುವಷ್ಟು ನೋಟು ಎಣಿಸಿಕೊಟ್ಟು, ಅದನ್ನು ಮಗುವಿನಂತೆ ಎತ್ತಿಕೊಂಡು ಹೋದ.

ಕತ್ತಲಾಗುವ ಹೊತ್ತಿಗೆ, ಚಾವಣಿಯಿಲ್ಲದ ಕೋಳಿಗಳು ಗೋಡೆ ಹಾರಿ ಬಂದು ಹಸಿ ಬಣ್ಣದ ಹೊಸ ಬಾನೆಟ್ ಮೇಲೆ ಸಾಲಾಗಿ ಕೂತವು. ದರ್ಜಿ ಸುತ್ತಿಗೆ ಹಿಡಿದು ಎದ್ದ.

ಹೆಂಡತಿ ತುಟಿಯಿಂದ ಸೂಜಿ ತೆಗೆದಳು.

"ಓಡಿಸ್ಬೇಡಿ. ಅವಾದ್ರೂ ಮೊಟ್ಟೆ ಇಡ್ತಾವೆ."